ಗ್ರೀನ್ ರೂಮಿನ ಹಸಿರು

ನಾಟಕ ಮಂದಿರದ ಹಿಂಭಾಗದಲ್ಲಿ, ರಂಗಕ್ಕೆ ಅಂಟಿಕೊಂಡಂತೆ ಒಂದು ಉದ್ದನೆಯ ಕೋಣೆಯಿತ್ತು. ನಟರು ಬಣ್ಣ ಹಚ್ಚಿಸಿಕೊಳ್ಳುತ್ತಿದ್ದದ್ದು ಅಲ್ಲೇ, ಮಾತು ಮರೆತವರು ಓಡಾಡುತ್ತ ಬಾಯಿಪಾಠ ಮಾಡುತ್ತಿದ್ದದ್ದು ಅಲ್ಲೇ, ಕೆಲಸವಿಲ್ಲದವರು ಕೆಲಸವಿದ್ದವರ ತಲೆ ತಿನ್ನುತ್ತಿದ್ದದ್ದೂ ಅಲ್ಲೇ. ಅದರ ಹೆಸರು ಗ್ರೀನ್ ರೂಮ್. ಗೋಡೆಗಳು ಮಾತ್ರ ಬಿಳಿ. ಅಂದರೆ ಒಂದು ಕಾಲಕ್ಕೆ ಬಿಳಿ. ಈಗ ಹಳೆಯ ಪಿಂಗಾಣಿ ಬಸಿಯ ಬಣ್ಣ. ಹೆಸರು ಒಂದು, ಬಣ್ಣ ಇನ್ನೊಂದು ಎಂಬ ಈ ವಿಚಾರ ಮೂವತ್ತಾರು ವರ್ಷ ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ.

ಮೂವತ್ತಾರು ವರ್ಷ ಎಂದು ಲೆಕ್ಕ ಹಿಡಿದದ್ದು ಬಣ್ಣದ ಮಾವನಿಂದ. ಮಂದಿರದ ಮೇಕಪ್ಪಿನ ಕೆಲಸಕ್ಕೆ ಅವನು ಸೇರಿ ಅಷ್ಟು ವರ್ಷವಾಗಿತ್ತು. ಎಡಗೈಯಲ್ಲಿ ಬಣ್ಣದ ತಟ್ಟೆ, ಬಲಗೈಯಲ್ಲಿ ಒಂದು ಬ್ರಷ್ಷು, ಹಲ್ಲಿನ ನಡುವೆ ಇನ್ನೊಂದು ಬ್ರಷ್ಷು. ಹೀಗಾಗಿ ಕೆಲಸದ ಹೊತ್ತಿನಲ್ಲಿ ಅವನ ಮಾತೆಲ್ಲ ಮೂಗಿನಿಂದಲೇ ಬರುತ್ತಿತ್ತು, ನಟರಿಗೆ ಅದು ಅಭ್ಯಾಸವಾಗಿತ್ತು. ಎಂಬತ್ತರ ಮುದುಕನನ್ನು ಮದುಮಗ ಮಾಡುತ್ತಿದ್ದ, ಮದುಮಗನನ್ನು ಮುದುಕ ಮಾಡುತ್ತಿದ್ದ. ಮಂದಿರದವರೆಲ್ಲ ಅವನನ್ನು ಮಾವ ಎಂದು ಕರೆಯುತ್ತಿದ್ದರು. ಅವನನ್ನು ಕಟ್ಟಿಕೊಂಡ ತಪ್ಪಿಗೆ ಅವನ ಹೆಂಡತಿ ಎಲ್ಲರಿಗೂ ಅತ್ತೆಯಾಗಿದ್ದಳು.

ಅತ್ತೆಗೆ ಒಬ್ಬ ತಮ್ಮ. ಎಲ್ಲರೂ ಕರೆಯುವುದು ಮೇಷ್ಟ್ರು ಎಂದು. ಶಾಲೆಯಿಂದ ನಿವೃತ್ತರಾದ ಮೇಲೆ ಪ್ರಶ್ನೆ ಕೇಳಲು ಮಕ್ಕಳಿಲ್ಲದೆ ಅವರಿಗೆ ಅನ್ನ ಅರಗುತ್ತಿರಲಿಲ್ಲ. ಆ ಸಂಕಟಕ್ಕೆ ಮಂದಿರದ ಕಾರ್ಯದರ್ಶಿಯಾದರು. ಮೊದಲ ಸಭೆಯಲ್ಲೇ ಎದ್ದು ನಿಂತು, ಹಿಂದಿನ ಬೆಂಚಿನವರಿಗೂ ಕೇಳುವ ದನಿಯಲ್ಲಿ ಕೇಳಿದರು.

"ಅಲ್ಲ, ಗ್ರೀನ್ ರೂಮ್ ಗ್ರೀನ್ ರೂಮ್ ಅಂತೀರಲ್ಲ, ಯಾಕೆ ಹಾಗಂತಾರೆ? ಯಾರಿಗಾದ್ರೂ ಗೊತ್ತಾ?"

ಪರದೆಯ ಮರೆಯಲ್ಲಿ ನಿಂತು ಮಾತು ಹೇಳಿಕೊಡುವ ಪ್ರಾಂಪ್ಟರ್ ಮೊದಲು ಧೈರ್ಯ ಮಾಡಿದ. "ರಂಗದ ದೀಪ ಕಣ್ಣಿಗೆ ಹೊಡೆಯುತ್ತೆ ನೋಡಿ. ಒಳಗೆ ಬಂದು ಹಸಿರು ನೋಡಿದ್ರೆ ತಂಪಾಗುತ್ತೆ, ಅದಕ್ಕೇ ಇರಬೇಕು." ಹಗಲು ಲಿಫ್ಟ್ ರಿಪೇರಿ ಮಾಡಿ, ನಾಟಕದಲ್ಲಿ ಯಾವಾಗಲೂ ರಾಜನ ಪಾತ್ರವನ್ನೇ ಹಿಡಿಯುವ ಮಹಾರಾಜ ಅದನ್ನು ಒಪ್ಪಲಿಲ್ಲ. "ಹಿಂದೆ ಅಲ್ಲಿ ಹಸಿರು ಬಟ್ಟೆಯ ಗಂಟುಗಳನ್ನ ಇಡ್ತಿದ್ರಂತೆ," ಎಂದ. ಯಾರು ಹೇಳಿದ್ದು ಎಂದು ಮೇಷ್ಟ್ರು ಕೇಳಿದ್ದಕ್ಕೆ, "ಅಂತೆ ಅಂದ್ನಲ್ಲ ಸಾರ್," ಎಂದು ಕೂತುಬಿಟ್ಟ. ಕಸ ಗುಡಿಸುವ ಅಕ್ಕ ಬಾಗಿಲಲ್ಲೇ ನಿಂತು, "ಹಿಂದಿನ ಗೋಡೆ ನೋಡಿದ್ದೀರಾ? ಮಳೆ ಶುರುವಾದ್ರೆ ಪಾಚಿ ಕಟ್ಟುತ್ತೆ," ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅಲ್ಲಿ ಕಣ್ಣಾರೆ ಕಂಡು ಮಾತಾಡಿದವಳು ಅವಳೊಬ್ಬಳೇ.

"ಭಾವ, ನೀವು ಹೇಳಿ. ಮೂವತ್ತಾರು ವರ್ಷ ಅಲ್ಲೇ ಇದ್ದೀರಿ."

"ಹೆಸರಿಟ್ಟೋರನ್ನ ಕೇಳಪ್ಪ," ಎಂದ ಮಾವ. "ನಾನಂತೂ ಇಟ್ಟಿಲ್ಲ."

ಮೇಷ್ಟ್ರು ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ಮಂದಿರದ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ಬರಬೇಕಿತ್ತು, ಅದರಲ್ಲಿ ಈ ಮಾತಿನ ಹುಟ್ಟಿನ ಬಗ್ಗೆ ತಾವೇ ಬರೆಯುವುದು ಎಂದು ತೀರ್ಮಾನಿಸಿ, ರಂಗಭೂಮಿಯ ಚರಿತ್ರೆ ಬರೆದಿದ್ದ ಒಬ್ಬ ವಿದ್ವಾಂಸರಿಗೆ ಕಾಗದ ಹಾಕಿದರು. ಒಂದೇ ವಾರದಲ್ಲಿ ಉತ್ತರ ಬಂತು. ಆ ಮಾತು ಬಹಳ ಹಳೆಯದು, ಎಲ್ಲಿಂದ ಬಂತೆಂದು ಯಾರಿಗೂ ಖಚಿತವಿಲ್ಲ, ಊಹೆಗಳು ಹತ್ತಾರಿವೆ, ಒಂದಕ್ಕೂ ಗಟ್ಟಿ ಆಧಾರವಿಲ್ಲ, ನಮಸ್ಕಾರ. ಮೇಷ್ಟ್ರಿಗೆ ರೇಗಿತು. ಗೊತ್ತಿಲ್ಲ ಎಂದು ಉತ್ತರ ಬರೆದ ಹುಡುಗರನ್ನು ಅವರು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ್ದವರು. ವಿದ್ವಾಂಸರನ್ನು ನಿಲ್ಲಿಸುವುದಕ್ಕೆ ಆಗದೆ, ತಾವೇ ಕೂತು ನಾಲ್ಕು ಪುಟ ಬರೆದರು. ಹಿಂದೆ ಕೋಣೆಗೆ ಹಸಿರು ಬಣ್ಣವಿತ್ತು, ಆದ್ದರಿಂದ ಗ್ರೀನ್ ರೂಮ್. ಈಗ ಇಲ್ಲವೆಂದರೆ ಅದು ಹೆಸರಿನ ತಪ್ಪಲ್ಲ, ಗೋಡೆಯ ತಪ್ಪು.

ಗೋಡೆಯ ತಪ್ಪನ್ನು ತಿದ್ದಲು ಪೇಂಟರ್ ಬಂದ. ಅಂಗಡಿಯಲ್ಲಿ ಹೇರಳವಾಗಿ ಉಳಿದಿದ್ದದ್ದು ಗಿಳಿಹಸಿರು. ಯಾಕೆ ಅಷ್ಟು ಉಳಿದಿತ್ತು ಎಂದು ಯೋಚಿಸುವ ವ್ಯವಧಾನ ಯಾರಿಗಿತ್ತು? ನಾಲ್ಕು ಗೋಡೆ, ಸೂರು, ಬಾಗಿಲ ಒಳಬದಿ, ಎಲ್ಲಕ್ಕೂ ಎರಡೆರಡು ಕೋಟು. ಒಳಗೆ ಹೋದವರಿಗೆ ಎಲೆಯ ಹೊಟ್ಟೆಯೊಳಗೆ ಹೊಕ್ಕಂತಾಗುತ್ತಿತ್ತು. ಮಾವ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದ. "ಚೆನ್ನಾಗಿದೆ ಅಲ್ವಾ ಭಾವ?" ಎಂದರು ಮೇಷ್ಟ್ರು. ಭಾವಮೈದನ ಮುಖದಲ್ಲಿ ಅಷ್ಟು ಸಂತೋಷ ಕಂಡು ಮಾವ ಬ್ರಷ್ಷನ್ನು ಹಲ್ಲಿಗೆ ಸಿಕ್ಕಿಸಿಕೊಂಡ. ಆಗ ಏನು ಹೇಳಿದರೂ ಮೂಗಿನಿಂದಲೇ ಬರುವುದರಿಂದ ಸುಳ್ಳು ಹೇಳಿದಂತಾಗುವುದಿಲ್ಲ.

ಆ ತಿಂಗಳ ನಾಟಕದಲ್ಲಿ ರಾಜ ಮೂರು ತಿಂಗಳಿಂದ ಹಾಸಿಗೆ ಹಿಡಿದಿರುತ್ತಾನೆ. ಕೊನೆಯ ದೃಶ್ಯದಲ್ಲಿ ಪರದೆ ಮೇಲೆ ಹೋಯಿತು. ಮಹಾರಾಜ ಮಂಚದ ಮೇಲೆ ಮಲಗಿ, ನಡುಗುವ ಕೈ ಎತ್ತಿ, "ಮಗಳೇ, ನನ್ನ ದೇಹದಲ್ಲಿ ಒಂದು ಹನಿ ರಕ್ತವೂ ಉಳಿದಿಲ್ಲ," ಎಂದ. ಅವನ ಮುಖ ಹಣ್ಣಾದ ಟೊಮೇಟೊ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಅಳುತ್ತ ನಿಂತ ಮಗಳದ್ದೂ ಅದೇ ಬಣ್ಣ, ನಾಡಿ ಹಿಡಿದ ವೈದ್ಯನದ್ದೂ ಅದೇ. ಸಭಾಂಗಣದ ಮಧ್ಯದಿಂದ ಒಬ್ಬ ಕೂಗಿದ.

"ಯಪ್ಪಾ, ಈ ರೋಗ ನಮಗೂ ಬರ್ಲಿ!"

ಆಮೇಲೆ ರಾಜ ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಅಷ್ಟು ನಗು.

ಮಾವ ಮೊದಲು ಲೈಟಿನವನ ಮೇಲೆ ಹಾರಿದ. "ಕೆಂಪು ಹಾಳೆ ಹಾಕಿದ್ದೀಯೇನೋ?" ಲೈಟಿನವನು ಏಣಿ ಹತ್ತಿಸಿ ಒಂದೊಂದೇ ದೀಪ ತೋರಿಸಿದ, ಎಲ್ಲ ಬರೀ ಬಿಳಿ ದೀಪ. ಮಾವ ಏಣಿಯಿಂದ ಇಳಿದ. ಕೋಣೆಯಲ್ಲಿ ನೋಡಿದಾಗ ಪ್ರತಿ ಮುಖವೂ ಸರಿಯಾಗಿಯೇ ಇತ್ತಲ್ಲ. ಅಂದರೆ ತನ್ನ ಕಣ್ಣೇ ಕೆಟ್ಟಿತೇ?

ಮನೆಗೆ ಬಂದವನು ಯಾರಿಗೂ ಹೇಳದೆ ಅಡುಗೆಮನೆಯ ಬುಟ್ಟಿಯಲ್ಲಿದ್ದ ತರಕಾರಿಯನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದರ ಬಣ್ಣವನ್ನೂ ಗಟ್ಟಿಯಾಗಿ ಹೇಳಿಕೊಂಡ. ಅತ್ತೆ ಹಿಂದಿನಿಂದ ಬಂದು, "ಏನ್ರೀ ಇದು, ಹಾಜರಿ ತಗೋತಿದ್ದೀರಾ?" ಎಂದಳು. ವಿಷಯ ಗೊತ್ತಾದ ಮೇಲೆ ಅವಳು ಹೊಲಿಗೆ ಡಬ್ಬಿಯ ದಾರದ ಉಂಡೆಗಳನ್ನು ತಂದು ಪರೀಕ್ಷೆ ಮಾಡಿದಳು. ಮಾವ ನೂರಕ್ಕೆ ನೂರು. "ಕಣ್ಣಿಗೇನೂ ಆಗಿಲ್ಲ ಬಿಡಿ," ಎಂದಳು. ದಾರದಲ್ಲಿ ಪಾಸಾಗಿ ಮುಖದಲ್ಲಿ ಫೇಲಾಗುವ ಕಣ್ಣನ್ನು ಏನು ಮಾಡಬೇಕೆಂದು ಮಾವನಿಗೆ ತಿಳಿಯಲಿಲ್ಲ. ವಯಸ್ಸು ಹೀಗೇ ಬರುತ್ತದೇನೋ, ಬೇಕಾದ ಜಾಗಕ್ಕೇ ಮೊದಲು ಕೈ ಹಾಕುತ್ತದೇನೋ ಎಂದುಕೊಂಡ.

ಮುಂದಿನ ತಿಂಗಳು ಅವನು ಕೆಂಪನ್ನು ಅರ್ಧಕ್ಕರ್ಧ ಕಡಿಮೆ ಮಾಡುವುದೆಂದು ನಿರ್ಧರಿಸಿಯೇ ಕೋಣೆಗೆ ಹೋದ. ಹಚ್ಚಿ ನೋಡಿದರೆ ಎಲ್ಲರೂ ಆಗಷ್ಟೇ ವಾಂತಿ ಮಾಡಿ ಬಂದವರಂತೆ ಕಂಡರು. ಇಂಥ ಮುಖಗಳನ್ನು ಜನರ ಮುಂದೆ ಕಳಿಸಲು ಅವನ ಕೈ ಬರಲಿಲ್ಲ. ಒಂದು ಚೂರು ಕೆಂಪು ಸೇರಿಸಿದ, ಇನ್ನೊಂದು ಚೂರು ಸೇರಿಸಿದ. ಆ ಸಲ ನಾಟಕದಲ್ಲಿ ಭಿಕ್ಷುಕರ ಗುಂಪೊಂದು ರಂಗಕ್ಕೆ ಬರುತ್ತಿದ್ದಂತೆ ಜನ ಮತ್ತೆ ನಕ್ಕರು. ಅಷ್ಟು ಪುಷ್ಟಿಯಾದ ಭಿಕ್ಷುಕರನ್ನು ಅವರು ಕಂಡಿರಲಿಲ್ಲ.

ಮಾರನೆಯ ದಿನ ಮೇಷ್ಟ್ರು ಅಕ್ಕನ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಲೋಟವನ್ನು ಮೂರು ಸಲ ತಿರುಗಿಸಿದರು.

"ಭಾವ, ಕಮಿಟಿಯವರು ಮಾತಾಡ್ತಿದ್ದಾರೆ. ನಾನಲ್ಲ. ಕಮಿಟಿಯವರು."

"ನೀನೇ ಅಲ್ವೇನೋ ಕಮಿಟಿ?" ಎಂದಳು ಅತ್ತೆ.

"ನಾನೊಬ್ಬನೇ ಅಲ್ಲ ಅಕ್ಕ. ವಾರ್ಷಿಕೋತ್ಸವದ ನಾಟಕ ಒಂದು ನೋಡೋಣ ಅಂತ ಆಯ್ತು. ಅದೂ ಹೀಗೇ ಆದ್ರೆ... ಬ್ಯೂಟಿ ಪಾರ್ಲರಿನವರು ಒಬ್ಬರು ಬರೋಕೆ ಒಪ್ಪಿದ್ದಾರೆ. ಭಾವನಿಗೆ ಸನ್ಮಾನ ಮಾಡಿ, ಹಾರ ಹಾಕಿ..."

ಹಾರದ ಮಾತು ಬಂದಾಗ ಮಾವ ಎದ್ದು ಹಿತ್ತಲಿಗೆ ಹೋದ. ಅವನಿಗೆ ಅಳು ಬಂದಿತ್ತು. ಬೇರೆ ಕೆಲಸ ಅವನು ಕಲಿತಿರಲಿಲ್ಲ. ಕಲಿಯಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ.

ಬಣ್ಣ ಹಚ್ಚಿಕೊಂಡೇ ಮಾಡುವ ಕೊನೆಯ ತಾಲೀಮಿನ ದಿನ ಬಂತು. ಮಾವ ಬ್ರಷ್ಷಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಮಹಾರಾಜನ ಹಣೆಯನ್ನೇ ದಿಟ್ಟಿಸುತ್ತ, ಕೆಂಪೋ ಅಲ್ಲವೋ ಎಂದು ಎಷ್ಟು ಬಿಗಿಯಾಗಿ ಯೋಚಿಸಿದನೆಂದರೆ, ಟಕ್ ಎಂದು ಶಬ್ದವಾಯಿತು. ಮುರಿದದ್ದು ಬ್ರಷ್ಷಲ್ಲ, ಮುಂದಿನ ಹಲ್ಲು.

ನಾಟಕದ ನಾಯಕಿ ಹಗಲು ಹೊತ್ತು ಹಲ್ಲಿನ ಡಾಕ್ಟರಮ್ಮ. ಆವತ್ತಿನ ತಾಲೀಮಿಗೆ ಅವಳು ಬಂದಿರಲಿಲ್ಲ, ರೋಗಿಗಳು ಕಾಯುತ್ತಿದ್ದರು. ಮಾವ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನೇರ ಅವಳ ಕ್ಲಿನಿಕ್ಕಿಗೆ ಹೋದ. ಅವಳು ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಸಿ, "ಕ್ಯಾಪ್ ಹಾಕೋಣ ಮಾವ, ಅಕ್ಕಪಕ್ಕದ ಹಲ್ಲಿಗೆ ಹೊಂದೋ ಬಣ್ಣ ಆರಿಸಬೇಕು," ಎಂದಳು. ಆಮೇಲೆ ಅವಳು ಮಾಡಿದ್ದು ಮಾವನಿಗೆ ವಿಚಿತ್ರವಾಗಿ ಕಂಡಿತು. ತಲೆಯ ಮೇಲಿನ ದೀಪ ಆರಿಸಿದಳು. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದಳು. ಅವನ ಕೆಂಪು ಚೌಕಳಿ ಅಂಗಿಯ ಮೇಲೆ ಗಲ್ಲದವರೆಗೆ ಒಂದು ಬೂದು ಬಟ್ಟೆ ಹೊದಿಸಿದಳು. ಅನಂತರ ಚಿಕ್ಕ ಚಿಕ್ಕ ಹಲ್ಲುಗಳ ಗೊಂಚಲನ್ನು ಹಿಡಿದು ಒಂದೊಂದನ್ನೇ ಅವನ ಹಲ್ಲಿನ ಪಕ್ಕ ಇಟ್ಟು ನೋಡತೊಡಗಿದಳು.

"ಆ... ಆಕೆ ಅಟ್ಟೆ?" ಎಂದ ಮಾವ, ತೆರೆದ ಬಾಯಿಯಲ್ಲೇ.

"ಯಾಕೆ ಬಟ್ಟೆ ಅಂತಾನಾ? ಅಂಗಿಯ ಕೆಂಪು ಹಲ್ಲಿನ ಮೇಲೆ ಬೀಳುತ್ತೆ ಮಾವ. ಪಕ್ಕದಲ್ಲಿ ಗಾಢ ಬಣ್ಣ ಇದ್ರೆ ಕಣ್ಣು ಎಷ್ಟು ಚುರುಕಾಗಿದ್ರೂ ಮೋಸ ಹೋಗುತ್ತೆ. ಅದಕ್ಕೇ ಈ ಕೋಣೆಯ ಗೋಡೆಗೂ ಬೂದು ಬಣ್ಣವೇ..."

ಅವಳ ಕೈ ಅಲ್ಲೇ ನಿಂತಿತು. ಮಾವನ ಬಾಯಿ ತೆರೆದೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಗೋಡೆ!" ಎಂದಳು ಡಾಕ್ಟರಮ್ಮ. "ಓಡೆ!" ಎಂದ ಮಾವ.

ಹೊರಗೆ ದವಡೆ ಹಿಡಿದು ಕೂತಿದ್ದ ಮೂವರು ರೋಗಿಗಳಿಗೆ, ಡಾಕ್ಟರೂ ರೋಗಿಯೂ ಜೊತೆಯಾಗಿ ಬೀದಿಗೆ ಓಡಿದ್ದನ್ನು ಕಂಡು ಒಳಗೆ ಏನು ನಡೆಯಿತೋ ಎಂದು ದಿಗಿಲಾಯಿತು. ಒಬ್ಬರು ನೋವು ಮರೆತು ಮನೆಗೇ ಹೋದರು.

ಗ್ರೀನ್ ರೂಮಿನಲ್ಲಿ ಮಾವ ಅವಳ ಒಂದು ಕೆನ್ನೆಗೆ, ಕಣ್ಣಿಗೆ ಸರಿಯೆನಿಸುವಷ್ಟು ಬಣ್ಣ ಹಚ್ಚಿದ. ಆಮೇಲೆ ಕೈ ಹಿಡಿದು ಹಿಂಬಾಗಿಲಿನಿಂದ ಹೊರಗಿನ ಹುಲ್ಲು ಅಂಗಳಕ್ಕೆ ಕರೆತಂದ. ಬೆಳಕಿನಲ್ಲಿ ಆ ಕೆನ್ನೆ ಯಾರೋ ಬಾರಿಸಿದಂತೆ ಕೆಂಪಗಿತ್ತು. ಒಳಗೆ ಹಸಿರು ಗೋಡೆಯ ಬೆಳಕು ಮುಖಕ್ಕೆ ಬಿದ್ದು ಮುಖವನ್ನು ಕೆಡಿಸುತ್ತಿತ್ತು; ಕೆಟ್ಟ ಮುಖವನ್ನು ಸರಿಮಾಡಲು ಇವನು ಕೆಂಪು ಬಳಿಯುತ್ತಿದ್ದ; ಹೊರಗೆ ಹಸಿರು ಹೋಗಿ ಕೆಂಪೊಂದೇ ಉಳಿಯುತ್ತಿತ್ತು. ಇಷ್ಟೇ.

"ಕಣ್ಣು ಸರಿಯಾಗಿದೆ ತಾಯಿ," ಎಂದ ಮಾವ. "ನನ್ನ ಕಣ್ಣು ಸರಿಯಾಗಿದೆ." ಹಾಗೆನ್ನುತ್ತ ಹುಲ್ಲಿನ ಮೇಲೆ ಕುಸಿದು ಕೂತು, ಅದೇ ಕಣ್ಣಿನಲ್ಲಿ ಗಳಗಳ ಅತ್ತ. ಎಷ್ಟೋ ವಾರಗಳಿಂದ ಅವನ ಎದೆಯ ಮೇಲೆ ಕೂತಿದ್ದದ್ದು ಆಗ ಇಳಿಯಿತು.

ಮೇಷ್ಟ್ರನ್ನು ಕರೆಸಿದರು. ಅವರು ಕನ್ನಡಕ ಏರಿಸಿ ಕೆನ್ನೆಯನ್ನು ನೋಡಿದರು, ಗೋಡೆಯನ್ನು ನೋಡಿದರು, ಮತ್ತೆ ಕೆನ್ನೆಯನ್ನು ನೋಡಿದರು.

"ಬಿಸಿಲಲ್ಲಿ ನಿಂತ್ರೆ ಯಾರ ಕೆನ್ನೆಯಾದ್ರೂ ಕೆಂಪಾಗುತ್ತೆ," ಎಂದರು.

"ಇನ್ನೊಂದು ಕೆನ್ನೆ ಯಾಕೆ ಆಗಿಲ್ಲ ಮೇಷ್ಟ್ರೇ?" ಎಂದಳು ಡಾಕ್ಟರಮ್ಮ.

ಅದನ್ನು ಮೇಷ್ಟ್ರು ಒಪ್ಪಲೇಬೇಕಾಯಿತು. ಆದರೆ ಐನೂರು ಸ್ಮರಣ ಸಂಚಿಕೆಗಳು ಅಚ್ಚಾಗಿ ಬಂದಿದ್ದವು. ಮುಖಪುಟದಲ್ಲಿ ಹಸಿರು ಕೋಣೆಯ ಚಿತ್ರ, ಒಳಗೆ ಅವರ ನಾಲ್ಕು ಪುಟ. ವಾರ್ಷಿಕೋತ್ಸವಕ್ಕೆ ಇನ್ನು ಎರಡು ದಿನ. ಮುಖ್ಯ ಅತಿಥಿಗಳಾದ ನಿವೃತ್ತ ನ್ಯಾಯಾಧೀಶರು ಬಂದು ಕೋಣೆಯನ್ನು ನೋಡುವುದೆಂದು ಕಾರ್ಯಕ್ರಮ ಪಟ್ಟಿಯಲ್ಲೂ ಹಾಕಿಯಾಗಿತ್ತು. "ಭಾವ, ಈಗ ಬಿಳಿ ಬಳಿಸಿದ್ರೆ ನನ್ನ ಮುಖಕ್ಕೆ ಬಳಿದಂಗಾಗುತ್ತೆ," ಎಂದರು. ದನಿ ಸಣ್ಣಗಾಗಿತ್ತು.

ಮಾವನಿಗೆ ಒಂದು ಕ್ಷಣ, ಕಮಿಟಿಯ ಮುಂದೆ ಈ ಕೆನ್ನೆಯನ್ನು ನಿಲ್ಲಿಸಿ, ಹಾರ ತಂದವನ ಕೊರಳಿಗೇ ಹಾರ ಹಾಕಿಬಿಡಬೇಕು ಎನ್ನಿಸಿತು. ನಿಜ ಹೇಳಬೇಕೆಂದರೆ ಒಂದು ಕ್ಷಣಕ್ಕಿಂತ ಹೆಚ್ಚೇ ಅನ್ನಿಸಿತು. ಆದರೆ ಎದುರಿಗೆ ನಿಂತವನು ಹೆಂಡತಿಯ ತಮ್ಮ. ಮನೆಗೆ ಹೋಗಿ ಊಟ ಮಾಡಬೇಕಾದವನು ತಾನು.

"ಗೋಡೆ ಹಾಗೇ ಇರ್ಲಿ ಬಿಡಪ್ಪ," ಎಂದ. "ನಾನು ಅಂಗಳದಲ್ಲೇ ಹಚ್ತೀನಿ. ಆಟ ಇರೋದು ನಾಲ್ಕು ಗಂಟೆಗೆ ತಾನೆ, ಬೆಳಕಿರುತ್ತೆ."

"ಆದ್ರೂ ಕಮಿಟಿಯವರ ಮಾತು..."

"ಅದೂ ಇರ್ಲಿ. ಮುಖ ಸರಿ ಬರ್ಲಿಲ್ಲ ಅಂದ್ರೆ ನಾನೇ ಡಬ್ಬಿ ಮುಚ್ತೀನಿ."

ಭಾನುವಾರ ಮಧ್ಯಾಹ್ನ ಹಿಂದಿನ ಅಂಗಳದಲ್ಲಿ ಒಂಬತ್ತು ಸ್ಟೂಲುಗಳು ಸಾಲಾಗಿ ಕೂತವು. ಎದುರುಮನೆಯ ಗೇಟು ಕಡುನೀಲಿ. ಮಾವ ಅದಕ್ಕೆ ಅತ್ತೆಯ ಬೂದು ಹೊದಿಕೆಯೊಂದನ್ನು ಕಟ್ಟಿಸಿದ. ಆ ಮನೆಯವರು ಹೊರಗೆ ಬರಲಾಗದೆ ಮಹಡಿಯಿಂದಲೇ ಬೈದು, ಆಮೇಲೆ ಅಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತ ಕೂತರು. ಮಹಾರಾಜ ಅರ್ಧ ಗಡ್ಡದಲ್ಲಿ ಫೋನಿಗೆ ಉತ್ತರಿಸುತ್ತಿದ್ದ. ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಮಾವ ಮಾತ್ರ ಯಾವುದಕ್ಕೂ ತಲೆ ಎತ್ತದೆ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹೋಗುತ್ತಿದ್ದ. ಮುರಿದ ಹಲ್ಲಿನ ಸಂದಿಯಲ್ಲಿ ಬ್ರಷ್ಷು ಮೊದಲಿಗಿಂತ ಚೆನ್ನಾಗಿ ನಿಲ್ಲುತ್ತಿತ್ತು.

ಮೂರೂವರೆಗೆ ನ್ಯಾಯಾಧೀಶರು ಬಂದರು. ಮೇಷ್ಟ್ರು ಗ್ರೀನ್ ರೂಮಿನ ಬಾಗಿಲು ತೆರೆದು, "ಇದೇ ಸಾರ್," ಎಂದರು. ಒಳಗೆ ಹಸಿರು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ನ್ಯಾಯಾಧೀಶರು ತೆರೆದ ಹಿಂಬಾಗಿಲಿನಿಂದ ಅಂಗಳದ ಸಾಲನ್ನು ನೋಡಿದರು, ಕೈಯಲ್ಲಿದ್ದ ಸಂಚಿಕೆಯನ್ನು ನೋಡಿದರು.

"ಇಷ್ಟು ಒಳ್ಳೆ ಕೋಣೆ ಇಟ್ಟುಕೊಂಡು ಅವರೆಲ್ಲ ಹುಲ್ಲಿನ ಮೇಲೆ ಯಾಕ್ರೀ ಕೂತಿದ್ದಾರೆ?"

ಮೇಷ್ಟ್ರು ಬಾಗಿಲ ಚಿಲಕವನ್ನೇ ತಿರುಗಿಸುತ್ತ ನಿಂತರು. ಅವರ ಹಣೆಯ ಬೆವರನ್ನು ಮಾವ ಅಂಗಳದಿಂದಲೇ ಕಂಡ. ಕಣ್ಣು ಸರಿಯಿದ್ದರೆ ಬೇಡವೆಂದರೂ ಕಾಣುತ್ತದೆ. ಬ್ರಷ್ಷನ್ನು ಬಾಯಿಂದ ತೆಗೆದ.

"ಸಾರ್, ಒಂದು ಕಾಲಕ್ಕೆ ನಟರು ಹೀಗೇ ಬಯಲಲ್ಲಿ, ಹುಲ್ಲಿನ ಮೇಲೆ ಕೂತು ಬಣ್ಣ ಹಚ್ಚಿಕೊಳ್ತಿದ್ರೇನೋ, ಆ ಹಸಿರಿಂದಲೂ ಹೆಸರು ಬಂದಿರಬಹುದು ಅಂತ ನಮ್ಮ ಮೇಷ್ಟ್ರ ಇನ್ನೊಂದು ಊಹೆ. ಅದನ್ನೂ ನಿಮಗೆ ತೋರಿಸೋಣ ಅಂತ."

"ಓಹೋ. ಎರಡರಲ್ಲಿ ಯಾವುದಕ್ಕಾದರೂ ಸಾಕ್ಷಿ ಇದೆಯೇ?"

"ಇಲ್ಲ ಸಾರ್," ಎಂದರು ಮೇಷ್ಟ್ರು. ಜೀವಮಾನದಲ್ಲಿ ಮೊದಲ ಸಲ.

"ಹಾಗಾದರೆ ಕೇಸು ಹಾಗೇ ಬಾಕಿ ಇರಲಿ," ಎಂದು ನ್ಯಾಯಾಧೀಶರು ಖುಷಿಯಾಗಿ ಒಳಗೆ ನಡೆದರು. ಮೇಷ್ಟ್ರು ಹಿಂದೆ ಉಳಿದು ಭಾವನ ಕಡೆ ನೋಡಿದರು. ಅವರ ಕೈಯಲ್ಲಿ ಕಮಿಟಿ ಕೊಟ್ಟ ಹಾಳೆಯೊಂದಿತ್ತು. ಒಂಬತ್ತು ಪಾತ್ರಗಳ ಹೆಸರು, ಪ್ರತಿಯೊಂದರ ಮುಂದೆ ಮುಖ ಹೇಗಿತ್ತೆಂದು ಗುರುತು ಹಾಕಲು ಜಾಗ. ಅಕ್ಕನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಸಾಲಿನಲ್ಲಿ ಕೂತು ಅವರು ಅದನ್ನು ತುಂಬಬೇಕಿತ್ತು.

ಮಾವ ರಂಗದ ಪಕ್ಕಕ್ಕೆ ಹೋಗಿ ನಿಲ್ಲಲಿಲ್ಲ. ಧೈರ್ಯವಾಗಲಿಲ್ಲ. ಖಾಲಿ ಸ್ಟೂಲುಗಳ ನಡುವೆ ಒಬ್ಬನೇ ಕೂತು, ಸಭಾಂಗಣದ ಸದ್ದಿಗೆ ಕಿವಿಗೊಟ್ಟ. ಮುಪ್ಪಿನಲ್ಲಿ ಮರೆವು ಬಂದ ತಂದೆ ಎದುರಿಗೆ ನಿಂತ ಮಗಳನ್ನೇ ಗುರುತಿಸದ ಕಥೆ ಅದು. ಮೊದಲ ದೃಶ್ಯಕ್ಕೆ ನಗು ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಮೂರನೆಯದರಲ್ಲಿ ಯಾರೋ ಕೆಮ್ಮಿದ್ದಕ್ಕೇ ಅವನ ಜೀವ ಬಾಯಿಗೆ ಬಂತು. ಕೊನೆಯಲ್ಲಿ ಸದ್ದೇ ಇಲ್ಲ. ಎಷ್ಟು ಹೊತ್ತಾದರೂ ಇಲ್ಲ. ಜನರೆಲ್ಲ ಎದ್ದು ಹೋದರೋ ಏನೋ ಎಂದು ಅವನು ಎದ್ದು ನಿಂತಾಗ ಚಪ್ಪಾಳೆ ಶುರುವಾಯಿತು.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹಿಂಬಾಗಿಲಿನಿಂದ ಬಂದಳು. ಹಿಂದೆಯೇ ಮೇಷ್ಟ್ರು. ಅವರ ಕನ್ನಡಕ ಕೈಯಲ್ಲಿತ್ತು, ಹಾಳೆ ನೆನೆದು ಮುದ್ದೆಯಾಗಿತ್ತು. ಕಣ್ಣೊರೆಸಿಕೊಳ್ಳಲು ಅದನ್ನೇ ಬಳಸಿದ್ದರೆಂದು ಕಾಣುತ್ತದೆ. ಅದರ ಮೇಲೆ ಒಂದು ಗುರುತೂ ಇರಲಿಲ್ಲ.

"ಮುಖ ಹೇಗಿತ್ತೋ?" ಎಂದು ಕೇಳಿದ ಮಾವ.

"ಯಾರ ಮುಖ ಭಾವ?" ಎಂದರು ಮೇಷ್ಟ್ರು. ಆಮೇಲೆ ಹಾಳೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. "ಅಯ್ಯೋ. ನೋಡೋದೇ ಮರೆತುಹೋಯ್ತು. ಆ ಮುದುಕ ಕೊನೆಗೆ ಮಗಳ ಕೈ ಹಿಡಿದುಕೊಂಡು, ನೀನು ಯಾರಮ್ಮ ಅಂದನಲ್ಲ..." ಅಷ್ಟು ಹೇಳುವುದರಲ್ಲಿ ಮೇಷ್ಟ್ರಿಗೆ ಮತ್ತೆ ಅಳು ಬಂತು.

ಮಾವ ಹೆಂಡತಿಯ ಕಡೆ ತಿರುಗಿದ. ಅವಳೂ ತಲೆ ಅಲ್ಲಾಡಿಸಿದಳು. ಅವಳೂ ನೋಡಿರಲಿಲ್ಲ.

ಮಾವ ಬಣ್ಣದ ತಟ್ಟೆಯನ್ನು ಎತ್ತಿಕೊಂಡು, ಮುಂದಿನ ತಿಂಗಳ ನಾಟಕಕ್ಕೆ ಬೇಕಲ್ಲ ಎಂದು ನಲ್ಲಿಯ ಕೆಳಗೆ ತೊಳೆಯತೊಡಗಿದ.